ಒಂದು ಬಕೆಟ್ ಬಿಸಿನೀರಿಗೆ ಹದಿನಾಲ್ಕು ಕಿಲೋಮೀಟರು!

ಬೀದಿಗೊಬ್ಬ ಇಂಥವನು ಇದ್ದೇ ಇರ್ತಾನೆ. ಮನೆಯವರ ಪಾಲಿಗೆ ಹುಚ್ಚ, ಪಕ್ಕದ ಮನೆಯವರ ಪಾಲಿಗೆ ಇಂಜಿನಿಯರು. ಗಡಿಯಾರದ ಕಾರ್ಖಾನೆಯಿಂದ ನಿವೃತ್ತನಾದ ಫಿಟ್ಟರೋ, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರೋ, ಮೋಟಾರು ವೈಂಡಿಂಗ್ ಕಲಿತು ಆಮೇಲೆ ಕಿರಾಣಿ ಅಂಗಡಿ ಹಾಕಿದವನೋ, ಯಾರೋ ಒಬ್ಬ. ಹಿತ್ತಿಲ ಷೆಡ್ಡಿನಲ್ಲಿ ಬಿಚ್ಚಿಟ್ಟ ಮಿಕ್ಸಿ, ಸತ್ತ ಯುಪಿಎಸ್, ಸೈಕಲ್ ಡೈನಮೋ. ಕೈಯಲ್ಲಿ ಪ್ಲಗ್ಗಿಗೆ ಸಿಕ್ಕಿಸುವ ಒಂದು ಪುಟ್ಟ ಮೀಟರು, ಜೇಬಿನಲ್ಲಿ ಮಡಿಸಿದ ನೋಟ್‌ಬುಕ್ಕು. ಮದುವೆ ಮನೆಗೆ ಹೋದರೂ ಊಟಕ್ಕೆ ಮುಂಚೆ ಹಿತ್ತಲಿಗೆ ಹೋಗಿ ಜನರೇಟರ್ ನೋಡಿ ಬರುವ ಜಾತಿ ಇದು.

ತುಮಕೂರಿನಲ್ಲಿ ಈಗ ಎತ್ತ ನೋಡಿದರೂ ವಿದ್ಯುತ್ ಸ್ಕೂಟರಿನ ಬ್ಯಾನರು, ಸೋಲಾರಿನ ಬೋರ್ಡು, ಇನ್ವರ್ಟರಿನ ಜಾಹೀರಾತು. ಸಾಲ ಕೊಡುವವರು ಷೋರೂಮಿನ ಒಳಗೇ ಮೇಜು ಹಾಕಿಕೊಂಡು ಕೂತಿರ್ತಾರೆ. ಆಧಾರ್ ಕಾರ್ಡು ತೋರಿಸಿದರೆ ಗಾಡಿ ಕೈಗೆ, ಕಂತು ಕುತ್ತಿಗೆಗೆ. ಇಂಥ ಹೊತ್ತಿನಲ್ಲಿ ಅಂಗಡಿಯವರು, ಬಸ್ಸಿನಲ್ಲಿ ನಿತ್ಯ ಓಡಾಡುವವರು ಕೇಳಬೇಕಾದ್ದು ಷೆಡ್ಡಿನ ಈ ಹುಚ್ಚನ ಮಾತನ್ನು. ಇವನಿಗೆ ಕಮಿಷನ್ ಇಲ್ಲ. ಅದಕ್ಕಿಂತ ಮುಖ್ಯ, ಯಾವ ಸಾಮಾನು ಕಂಡರೂ ಇವನು ಮೊದಲು ರೇಟು ಕೇಳೋದಿಲ್ಲ. ಎಷ್ಟು ಯೂನಿಟ್ಟು ತಿನ್ನುತ್ತೆ, ತಿಂದು ಏನು ಕೆಲಸ ಮಾಡುತ್ತೆ ಅಂತ ಕೇಳ್ತಾನೆ.

ಯೂನಿಟ್ಟು ಅಂದರೆ ದೊಡ್ಡ ವಿದ್ಯೆ ಏನಲ್ಲ. ಸಾವಿರ ವ್ಯಾಟಿನ ಸಾಮಾನು ಒಂದು ಗಂಟೆ ಉರಿದರೆ ಒಂದು ಯೂನಿಟ್ಟು. ಬಿಲ್ಲಿನ ಮೇಲೆ ತಿಂಗಳು ತಿಂಗಳು ಅಚ್ಚಾಗಿ ಬರುವುದು ಇದೇ. ಆದರೆ ಬಿಲ್ಲು ಬಂದಾಗ ಎಲ್ಲರ ಕಣ್ಣೂ ಕೆಳಗಡೆಯ ರೂಪಾಯಿಗೆ ಹೋಗುತ್ತೆಯೇ ಹೊರತು ಮೇಲಿನ ಯೂನಿಟ್ಟಿಗೆ ಹೋಗೋದಿಲ್ಲ.

ಇವನ ನೋಟ್‌ಬುಕ್ಕಿನಲ್ಲಿ ಮೊದಲ ಲೆಕ್ಕ ಬಚ್ಚಲುಮನೆಯದು. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರು. ಇಪ್ಪತ್ತೈದು ಡಿಗ್ರಿಯಿಂದ ನಲವತ್ತೈದು ಡಿಗ್ರಿಗೆ ಕಾಯಿಸಬೇಕು. ಕಾಯಿಲ್ಲೇ ಹಾಕಲಿ, ಗೀಸರೇ ಇರಲಿ, ಸರಿಸುಮಾರು ಅರ್ಧ ಯೂನಿಟ್ಟು ಬೇಕೇ ಬೇಕು. ನೀರಿನ ಗುಣವೇ ಅದು, ಯಾವ ಕಂಪನಿಯೂ ಅದರಲ್ಲಿ ಕಡಿಮೆ ಮಾಡಿಕೊಡೋಕೆ ಆಗೋದಿಲ್ಲ.

ಈಗ ಅದೇ ಅರ್ಧ ಯೂನಿಟ್ಟನ್ನು ವಿದ್ಯುತ್ ಸ್ಕೂಟರಿಗೆ ತುಂಬಿ. ಒಬ್ಬನೇ ಕೂತು ಹದವಾಗಿ ಓಡಿಸಿದರೆ ಗೋಡೆಯ ಪ್ಲಗ್ಗಿನಿಂದ ಎಳೆದ ಒಂದು ಯೂನಿಟ್ಟಿಗೆ ಇಪ್ಪತ್ತೆಂಟು ಕಿಲೋಮೀಟರಿನ ಆಸುಪಾಸು ಸಿಗುತ್ತೆ. ಅರ್ಧಕ್ಕೆ ಹದಿನಾಲ್ಕು. ಅಂದರೆ ಬೆಳಿಗ್ಗೆ ಒಬ್ಬರು ಒಂದು ಬಕೆಟ್ ಸುರಿದುಕೊಂಡ ಕರೆಂಟಿನಲ್ಲಿ ತುಮಕೂರಿನಿಂದ ಕ್ಯಾತ್ಸಂದ್ರಕ್ಕೆ ಹೋಗಿ, ಸಿದ್ಧಗಂಗೆಯ ದರ್ಶನ ಮಾಡಿ, ಮನೆಗೆ ವಾಪಸು ಬರಬಹುದು. ಗಾಡಿಯ ಕರೆಂಟಿಗೆ ಹೆದರುವವರು ಗೀಸರಿಗೆ ಹೆದರೋದಿಲ್ಲ, ಇದು ತಮಾಷೆ.

ಪೆಟ್ರೋಲಿನ ಲೆಕ್ಕವನ್ನೂ ಇವನು ಯೂನಿಟ್ಟಿಗೇ ಇಳಿಸ್ತಾನೆ. ಒಂದು ಲೀಟರ್ ಪೆಟ್ರೋಲಿನೊಳಗೆ ಅಡಗಿರುವ ಶಕ್ತಿ ಸುಮಾರು ಒಂಬತ್ತು ಯೂನಿಟ್ಟು. ಲೀಟರಿಗೆ ನಲವತ್ತೈದು ಕಿಲೋಮೀಟರು ಕೊಡುವ ಸ್ಕೂಟರು ಅಂದರೆ ಯೂನಿಟ್ಟಿಗೆ ಐದೇ ಐದು ಕಿಲೋಮೀಟರು. ಉಳಿದದ್ದು ಎಲ್ಲಿ ಹೋಯಿತು? ಸೈಲೆನ್ಸರ್ ಮುಟ್ಟಿ ನೋಡಿದವರಿಗೆ ಗೊತ್ತು. ಇಂಜಿನ್ನು ನುಂಗಿದ್ದರಲ್ಲಿ ಕಾಲು ಭಾಗದಷ್ಟೂ ಚಕ್ರಕ್ಕೆ ತಲುಪೋದಿಲ್ಲ, ಮಿಕ್ಕಿದ್ದೆಲ್ಲ ಶಾಖವಾಗಿ ಬೀದಿಗೆ.

ಇಲ್ಲಿ ಸೇಲ್ಸ್‌ಮನ್ ಚಪ್ಪಾಳೆ ತಟ್ಟುತ್ತಾನೆ. ಹುಚ್ಚ ಮಾತ್ರ ಇನ್ನೊಂದು ಪುಟ ತಿರುಗಿಸ್ತಾನೆ. ಕರೆಂಟು ಆಕಾಶದಿಂದ ಬರೋದಿಲ್ಲ. ರಾಯಚೂರಿನ ಶಾಖೋತ್ಪನ್ನ ಕೇಂದ್ರದಂಥ ಕಡೆ ಕಲ್ಲಿದ್ದಲು ಸುಟ್ಟು ತೆಗೆದದ್ದಾದರೆ, ಒಂದು ಯೂನಿಟ್ಟು ಕರೆಂಟಿಗೆ ಮೂರು ಯೂನಿಟ್ಟಿನಷ್ಟು ಕಲ್ಲಿದ್ದಲು ಸುಡಬೇಕು. ತಂತಿಯಲ್ಲಿ ಸೋರಿಹೋಗುವುದು ಬೇರೆ. ಹಾಗೆ ಹಿಡಿದರೆ ಇಪ್ಪತ್ತೆಂಟು ಇಳಿದು ಎಂಟೊಂಬತ್ತಕ್ಕೆ ಬರುತ್ತೆ. ಆದರೂ ಪೆಟ್ರೋಲಿನ ಐದಕ್ಕಿಂತ ಮೇಲೆಯೇ. ಶರಾವತಿಯ ನೀರಿನದ್ದೋ ಪಾವಗಡದ ಬಿಸಿಲಿನದ್ದೋ ಆದರೆ ಈ ಕಳೆಯುವ ಲೆಕ್ಕ ಬೇಕಾಗಿಲ್ಲ. ಜಾಹೀರಾತಿನಲ್ಲಿ ಇದನ್ನೆಲ್ಲ ಯಾರೂ ಬಿಡಿಸಿ ಹೇಳೋದಿಲ್ಲ. ಹೊಗೆ ಇಲ್ಲ ಅಂತಾರೆ, ಅಷ್ಟೆ. ಹೊಗೆ ರಾಯಚೂರಿನಲ್ಲಿದೆ ಸ್ವಾಮಿ.

ಪೆಟ್ರೋಲಿನ ವಿಷಯ ಬಂದದ್ದಕ್ಕೆ ಒಂದು ಮಾತು. ಗಾಡಿ ಮೊದಲಿನ ಮೈಲೇಜು ಕೊಡ್ತಿಲ್ಲ ಅಂತ ಟೀ ಅಂಗಡಿಗಳಲ್ಲಿ ದೂರು ಕೇಳಿ ಬರ್ತಿದೆ. 2025ರ ಹೊತ್ತಿಗೆ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥೆನಾಲ್ ಬೆರೆಸುವ ಗುರಿ ಮುಟ್ಟಿಯಾಯಿತು. ಕಬ್ಬು, ಮೆಕ್ಕೆಜೋಳ, ನುಚ್ಚಕ್ಕಿಯಿಂದ ಇಳಿಸುವ ಈ ಸ್ಪಿರಿಟ್ಟಿನಲ್ಲಿ ಪೆಟ್ರೋಲಿನ ಮೂರನೇ ಎರಡರಷ್ಟು ಮಾತ್ರ ಶಕ್ತಿ. ಐದನೇ ಒಂದು ಪಾಲು ಬೆರೆಸಿದರೆ ಲೀಟರಿಗೆ ಶೇಕಡಾ ಏಳರಷ್ಟು ಶಕ್ತಿ ಕಮ್ಮಿ ಆಗಲೇಬೇಕು. ಹೊಸ ಗಾಡಿಗಳು ಹೊಂದಿಕೊಂಡು ಅದರಲ್ಲಿ ಒಂದಷ್ಟನ್ನು ತುಂಬಿಕೊಳ್ತವೆ. ಹದಿನೈದು ವರ್ಷದ ಹಳೇ ಗಾಡಿಯವರು ಮೆಕ್ಯಾನಿಕ್‌ನನ್ನು ಬೈಯುವ ಬದಲು ಪೆಟ್ರೋಲ್ ಪೈಪು, ರಬ್ಬರ್ ವಾಷರು ಬದಲಾಯಿಸುವುದು ಒಳ್ಳೆಯದು. ಎಥೆನಾಲ್ ನೀರು ಹೀರುವ ಪದಾರ್ಥ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟು ಊರಿಗೆ ಹೋಗಬಾರದು.

ಬಸ್ಸೇ ದೊಡ್ಡದು

ಇನ್ನು ಬಸ್ಸು. ಡೀಸೆಲ್ ಒಂದು ಲೀಟರಿಗೆ ಹತ್ತು ಯೂನಿಟ್ಟಿನಷ್ಟು ಶಕ್ತಿ. ಬಸ್ಸು ಲೀಟರಿಗೆ ಐದು ಕಿಲೋಮೀಟರು ಓಡಿತು ಅಂತಿಟ್ಟುಕೊಳ್ಳಿ. ಒಳಗೆ ಐವತ್ತು ಜನ. ಐದು ಕಿಲೋಮೀಟರು ಐವತ್ತು ಜನರನ್ನು ಸಾಗಿಸಿದರೆ ತಲೆಲೆಕ್ಕದಲ್ಲಿ ಇನ್ನೂರೈವತ್ತು ಕಿಲೋಮೀಟರು. ಯೂನಿಟ್ಟಿಗೆ ಇಪ್ಪತ್ತೈದು. ಕರಕರ ಅಂತ ಹೊಗೆ ಬಿಡುವ ಹಳೇ ಕೆಂಪು ಬಸ್ಸು, ತುಂಬಿ ಹೊರಟರೆ, ಲಕ್ಷದ ಮೇಲೆ ಬೆಲೆಯ ಹೊಸ ವಿದ್ಯುತ್ ಸ್ಕೂಟರಿಗೆ ಸಮಸಮ ನಿಲ್ಲುತ್ತೆ!

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಐವತ್ತು ಅನ್ನೋದು ಎಲ್ಲಿಯ ಮಾತು, ಎಪ್ಪತ್ತು ಜನ ನಿಂತೇ ಹೋಗುವ ಟ್ರಿಪ್ಪುಗಳಿವೆ. ಯೂನಿಟ್ಟು ಲೆಕ್ಕದಲ್ಲಿ ಅದು ಮೂವತ್ತೈದಕ್ಕೆ ಏರುತ್ತೆ. ಫುಟ್‌ಬೋರ್ಡಿನ ಮೇಲೆ ಒಂಟಿ ಕಾಲಿನಲ್ಲಿ ನಿಂತವರಿಗೆ ಈ ಲೆಕ್ಕ ಹೇಳಿದರೆ ಏನು ಉತ್ತರ ಬರುತ್ತೆ ಅನ್ನೋದು ಇಲ್ಲಿ ಅಚ್ಚು ಹಾಕುವಂಥದ್ದಲ್ಲ. ಜನ ಬಸ್ಸು ಬಿಟ್ಟು ಸ್ಕೂಟರಿನ ಸಾಲಕ್ಕೆ ಬೀಳೋದು ಬಸ್ಸು ದುಬಾರಿ ಅಂತ ಅಲ್ಲ, ಹೊತ್ತಿಗೆ ಬರೋದಿಲ್ಲ ಅಂತ, ಬಂದರೂ ನಿಲ್ಲಿಸೋದಿಲ್ಲ ಅಂತ. ಇದನ್ನು ಸರಿಮಾಡುವುದಕ್ಕೆ ಹೊಸ ಯಂತ್ರ ಯಾವುದೂ ಬೇಕಾಗಿಲ್ಲ. ಇನ್ನೆರಡು ಬಸ್ಸು, ಗಡಿಯಾರ ನೋಡುವ ಒಬ್ಬ ಕಂಟ್ರೋಲರು ಸಾಕು.

ಷೆಡ್ಡಿನ ಹುಚ್ಚನ ಅಭಿಪ್ರಾಯವೂ ಇದೇ. ಬೆಂಗಳೂರಿಗೆ ನಿತ್ಯ ಎಪ್ಪತ್ತು ಕಿಲೋಮೀಟರು ಹೋಗಿ ಬರುವವನು ಸ್ಕೂಟರು ತೆಗೆದುಕೊಳ್ಳಬಾರದು, ಪಾಸು ತೆಗೆದುಕೊಳ್ಳಬೇಕು. ಸ್ಕೂಟರು ಬೇಕಾದ್ದು ಮನೆಯಿಂದ ಬಸ್‌ಸ್ಟ್ಯಾಂಡಿಗೆ, ರೈಲ್ವೆ ಸ್ಟೇಷನ್ನಿಗೆ, ಅಂಗಡಿಗೆ, ಮಂಡಿಗೆ. ದಿನಕ್ಕೆ ಇಪ್ಪತ್ತು ಮೂವತ್ತು ಕಿಲೋಮೀಟರು. ಅಷ್ಟಕ್ಕೆ ನೂರೈವತ್ತು ಕಿಲೋಮೀಟರಿನ ಬ್ಯಾಟರಿ ಹೊತ್ತುಕೊಂಡು ತಿರುಗೋದು ತರಕಾರಿ ತರೋದಕ್ಕೆ ಲಾರಿ ಕಟ್ಟಿಕೊಂಡು ಹೋದ ಹಾಗೆ. ಬ್ಯಾಟರಿಯೇ ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲು, ಅದಕ್ಕೇ ಬಡ್ಡಿ.

ಬ್ಯಾನರಿನ ಕಿಲೋಮೀಟರಿನ ಮೇಲೆ ನಾಲ್ಕನೇ ಒಂದು ಪಾಲು ಮೊದಲೇ ಕಳೆದುಬಿಡಿ. ಅದು ಪರೀಕ್ಷೆ ಕೋಣೆಯ ಅಂಕಿ. ಹಿಂದೆ ಹೆಂಡತಿ, ಮುಂದೆ ಮಗು, ಕಾಲ ಬಳಿ ಅಕ್ಕಿ ಚೀಲ ಇರುವ ಅಂಕಿ ಅಲ್ಲ.

ಸೊನ್ನೆ ಬಿಲ್ಲಿನ ಗುಂಡಿ

ಈಗ ಯಾರೂ ಹೇಳದ ಒಂದು ವಿಷಯ. 2023ರಲ್ಲಿ ಗೃಹಜ್ಯೋತಿ ಬಂದಾಗಿನಿಂದ ಬಹಳಷ್ಟು ಮನೆಗಳಿಗೆ ಸೊನ್ನೆ ಬಿಲ್ಲು. ಅದರ ನಿಯಮ ಎಲ್ಲರಿಗೂ ಅರ್ಧ ಗೊತ್ತು. 200 ಯೂನಿಟ್ಟು ಎಲ್ಲರಿಗೂ ಪುಕ್ಕಟೆ ಅಂದುಕೊಂಡವರೇ ಹೆಚ್ಚು. ಹಾಗಲ್ಲ. 2022-23ರಲ್ಲಿ ಆ ಮನೆ ಸರಾಸರಿ ಎಷ್ಟು ಸುಟ್ಟಿತ್ತೋ ಅದರ ಮೇಲೆ ಶೇಕಡಾ 10 ಸೇರಿಸಿ, ಅಷ್ಟಕ್ಕೆ ಪುಕ್ಕಟೆ ಅಂತ ಯೋಜನೆ ಹೊರಟದ್ದು. ಅದಕ್ಕಿಂತ ಹೆಚ್ಚು ಸುಟ್ಟು 200ರ ಒಳಗಿದ್ದರೆ ಹೆಚ್ಚಿನದಕ್ಕೆ ಮಾತ್ರ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ಲು ಕಟ್ಟಬೇಕು.

ಮನೆಯಲ್ಲಿ ತಿಂಗಳಿಗೆ 180 ಯೂನಿಟ್ಟು ಸುಡುವವನು ವಿದ್ಯುತ್ ಸ್ಕೂಟರು ತಂದ ಅಂತಿಟ್ಟುಕೊಳ್ಳಿ. ದಿನಕ್ಕೆ ಒಂದು ಯೂನಿಟ್ಟು, ತಿಂಗಳಿಗೆ 30. ಒಟ್ಟು 210. ಸ್ಕೂಟರಿಗೆ ಸುಟ್ಟದ್ದು ಮೂವತ್ತೇ ಯೂನಿಟ್ಟು, ಆದರೆ ಬಿಲ್ಲು ಬಂದದ್ದು 210ಕ್ಕೆ! ಪೆಟ್ರೋಲಿನಲ್ಲಿ ಉಳಿಸಿದ್ದರಲ್ಲಿ ಒಳ್ಳೆಯ ಪಾಲು ಅಲ್ಲಿ ಹೋಯಿತು. ಇದರಿಂದ ಸ್ಕೂಟರು ಬೇಡ ಅಂತ ಆಗಲಿಲ್ಲ. ಮನೆಯ ಬೇರೆ ಕಡೆ ಮೂವತ್ತು ಯೂನಿಟ್ಟು ಉಳಿಸಿ ಆಮೇಲೆ ಸ್ಕೂಟರು ತನ್ನಿ ಅಂತ ಆಯಿತು. ಎಲ್ಲಿ ಉಳಿಸೋದು? ಮತ್ತೆ ಬಚ್ಚಲುಮನೆಗೇ ಬನ್ನಿ. ದಿನಕ್ಕೆ ನಾಲ್ಕು ಜನ ನಾಲ್ಕು ಬಕೆಟ್, ಎರಡು ಯೂನಿಟ್ಟು, ತಿಂಗಳಿಗೆ 60. ಮಾಳಿಗೆಯ ಮೇಲೆ ಸೋಲಾರ್ ನೀರಿನ ಟ್ಯಾಂಕು ಕೂರಿಸಿದರೆ ಮಳೆ ಮೋಡದ ದಿನ ಬಿಟ್ಟು ಅಷ್ಟೂ ಉಳಿಯುತ್ತೆ. ಬಯಲುಸೀಮೆಯ ಈ ಜಿಲ್ಲೆಯಲ್ಲಿ ಬಿಸಿಲಿಗೆ ಬರಗಾಲವಿಲ್ಲ. ಗೊಂಚಲು ದೀಪದಂಥ ದೊಡ್ಡ ವಿಜ್ಞಾನ ಏನೂ ಅದರಲ್ಲಿಲ್ಲ. ಕರಿ ಬಣ್ಣದ ಕೊಳವೆ, ಒಳಗೆ ನೀರು, ಮೇಲೆ ಸೂರ್ಯ. ಕೆಡುವುದು ಅಪರೂಪ, ಗಡಸು ನೀರಿನ ಸುಣ್ಣ ಕಟ್ಟದಂತೆ ನೋಡಿಕೊಂಡರೆ ಸರಿ.

ಇನ್ನೊಂದು ತುದಿಯಲ್ಲಿ ಸೊನ್ನೆ ಬಿಲ್ಲಿನ ಮನೆಗೆ ಮೂರು ಕಿಲೋವ್ಯಾಟಿನ ಸೋಲಾರ್ ಹಲಗೆ ಹಾಕಿಸಲು ಹೊರಟವರಿದ್ದಾರೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆ ಬಂತು. ಎರಡು ಕಿಲೋವ್ಯಾಟಿನವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಹಾಯಧನ. ಒಳ್ಳೆಯದೇ. ಆದರೆ ಕಟ್ಟದೇ ಇರುವ ಬಿಲ್ಲನ್ನು ಉಳಿಸೋದಕ್ಕೆ ಸಾಲ ಮಾಡುವವನಿಗೆ ಏನು ಹೇಳೋಣ! 300, 400 ಯೂನಿಟ್ಟು ಸುಡುವ ಮನೆಗೆ ಅದು ಸರಿ.

ಮತ್ತೊಂದು ಮೋಸ, ಮೋಸ ಅನ್ನೋದಕ್ಕಿಂತ ಅರ್ಧ ಮಾತು. ಈ ಯೋಜನೆಯಲ್ಲಿ ಮಾಮೂಲಾಗಿ ಹಾಕುವುದು ಲೈನಿಗೆ ಜೋಡಿಸಿದ ಸೋಲಾರ್. ಬೀದಿಯ ಕರೆಂಟು ಹೋದರೆ ಅದೂ ತಾನಾಗಿ ನಿಂತುಹೋಗುತ್ತೆ. ಕಂಬ ಹತ್ತಿದ ಲೈನ್‌ಮನ್‌ಗೆ ಮನೆ ಮಾಳಿಗೆಯ ಕರೆಂಟು ಹೊಡೆದು ಸಾಯಬಾರದು ಅಂತ ಹಾಗೆ ಮಾಡಿರುವುದು, ನ್ಯಾಯವಾದದ್ದೇ. ಆದರೆ ಕೊಂಡವನಿಗೆ ಇದು ಗೊತ್ತಾಗೋದು ಒಂದು ಮಧ್ಯಾಹ್ನ ಸುಡು ಬಿಸಿಲಿನಲ್ಲಿ, ತಲೆ ಮೇಲೆ ಮೂರು ಕಿಲೋವ್ಯಾಟ್ ಹಲಗೆ ಇಟ್ಟುಕೊಂಡು ಫ್ಯಾನಿಲ್ಲದೆ ಬೆವರುವಾಗ. ಬ್ಯಾಟರಿ ಬೇಕು ಅಂದರೆ ಅದರ ಖರ್ಚು ಬೇರೆ.

ಅಂಗಡಿಯವರ ಪಾಡು ಇನ್ನೂ ಬೇರೆ. ಗೃಹಜ್ಯೋತಿ ಅವರಿಗಿಲ್ಲ, ಸೂರ್ಯಘರ್ ಸಹಾಯಧನ ಅವರಿಗಿಲ್ಲ. ಯೂನಿಟ್ಟಿಗೆ ಏಳೆಂಟು ರೂಪಾಯಿ, ಮಂಜೂರಾದ ಲೋಡಿನ ಮೇಲೆ ನಿಗದಿ ಶುಲ್ಕ ಪ್ರತ್ಯೇಕ. ಅಂಗಡಿ ಬಾಡಿಗೆಯದು, ಮಾಳಿಗೆ ಮಾಲೀಕನದು. ಹಲಗೆ ಹಾಕೋದಾದರೂ ಎಲ್ಲಿ? ಹಾಕಿದರೂ ವ್ಯಾಪಾರ ಜೋರಾಗುವುದು ಸಂಜೆ ಆರರಿಂದ ಒಂಬತ್ತೂವರೆಗೆ, ಅಷ್ಟು ಹೊತ್ತಿಗೆ ಸೂರ್ಯ ಅಂಗಡಿ ಮುಚ್ಚಿ ಹೋಗಿರ್ತಾನೆ.

ಹಾಗಾದರೆ ಅಂಗಡಿಯವನು ಮೊದಲು ಏನು ಮಾಡಬೇಕು? ತಲೆ ಎತ್ತಿ ನೋಡಬೇಕು. ಉದ್ದನೆಯ ಕತ್ತಲೆ ಅಂಗಡಿ, ನಾಲ್ಕು ಹಳೇ ಟ್ಯೂಬ್‌ಲೈಟು, ಹಳೇ ಚೋಕು. ಟ್ಯೂಬಿನ ಮೇಲೆ 40 ವ್ಯಾಟ್ ಅಂತ ಬರೆದಿರುತ್ತೆ, ಚೋಕು ತಿನ್ನುವುದೂ ಸೇರಿ 55 ಆಗುತ್ತೆ. ಮೇಲೆ ಎರಡು ಹಳೇ ಫ್ಯಾನು, ಒಂದೊಂದೂ 75 ವ್ಯಾಟು. ದಿನಕ್ಕೆ ಹತ್ತು ಗಂಟೆ ಉರಿದರೆ ದೀಪಕ್ಕೆ 2.2 ಯೂನಿಟ್ಟು, ಫ್ಯಾನಿಗೆ 1.5. ಅದೇ ಬೆಳಕು 20 ವ್ಯಾಟಿನ ಎಲ್‌ಇಡಿ ಟ್ಯೂಬು ಕೊಡುತ್ತೆ, ಅದೇ ಗಾಳಿ 30 ವ್ಯಾಟಿನ ಹೊಸ ಬಿಎಲ್‌ಡಿಸಿ ಫ್ಯಾನು ಕೊಡುತ್ತೆ. ದಿನಕ್ಕೆ 3.7 ಇದ್ದದ್ದು 1.4ಕ್ಕೆ ಇಳಿಯಿತು. ತಿಂಗಳಿಗೆ ಉಳಿದದ್ದು 69 ಯೂನಿಟ್ಟು, ಐನೂರು ರೂಪಾಯಿ ಹತ್ತಿರ. ಒಂದು ಕಿಲೋವ್ಯಾಟ್ ಸೋಲಾರ್ ಹಲಗೆ ದಿನಕ್ಕೆ ನಾಲ್ಕು ಯೂನಿಟ್ಟು ಕೊಡುತ್ತೆ, ಅಂದರೆ ಅರ್ಧ ಕಿಲೋವ್ಯಾಟಿಗೂ ಮೀರಿದ ಹಲಗೆಯ ಕೆಲಸ ಎರಡು ಫ್ಯಾನು, ನಾಲ್ಕು ಟ್ಯೂಬು ಬದಲಾಯಿಸಿದ್ದರಲ್ಲೇ ಆಗಿಹೋಯಿತು. ಮಾಲೀಕನ ಅಪ್ಪಣೆಯೂ ಬೇಡ, ಅಂಗಡಿ ಬಿಡುವ ದಿನ ಬಿಚ್ಚಿಕೊಂಡು ಹೋಗಬಹುದು.

ಇನ್ವರ್ಟರಿನ ಬಗ್ಗೆ ಹುಚ್ಚನಿಗೆ ಸ್ವಲ್ಪ ಸಿಟ್ಟಿದೆ. 150 ಆಂಪಿಯರಿನ ಬ್ಯಾಟರಿಯಲ್ಲಿ ಕಾಗದದ ಮೇಲೆ 1.8 ಯೂನಿಟ್ಟು ಹಿಡಿಯುತ್ತೆ. ಸೀಸದ ಬ್ಯಾಟರಿಯನ್ನು ತಳದವರೆಗೂ ಖಾಲಿ ಮಾಡಿದರೆ ಬೇಗ ಸಾಯುತ್ತೆ, ಅರ್ಧಕ್ಕೇ ನಿಲ್ಲಿಸಬೇಕು. ತುಂಬುವಾಗ ಒಂದಷ್ಟು ಶಾಖವಾಗಿ ಹೋಗುತ್ತೆ, ತೆಗೆಯುವಾಗ ಇನ್ನೊಂದಷ್ಟು. ರೂಪಾಯಿ ಹಾಕಿದರೆ ಹತ್ತಾಣೆ ವಾಪಸು. ಕರೆಂಟು ಹೋಗದ ದಿನವೂ ಅದು ಸುಮ್ಮನೆ ಕೂತು ಒಂದಿಷ್ಟು ತಿನ್ನುತ್ತಲೇ ಇರುತ್ತೆ. ಬೇಡ ಅಂತಲ್ಲ, ಬಿಲ್ಲಿಂಗ್ ಯಂತ್ರ, ಒಂದು ದೀಪ, ಒಂದು ಫ್ಯಾನು ಇಷ್ಟಕ್ಕೆ ಸಾಕಾಗುವಷ್ಟು ಚಿಕ್ಕದು ಇರಲಿ. ದೀಪ ಫ್ಯಾನು ಮೊದಲು ಬದಲಾಯಿಸಿದವನಿಗೆ ಬ್ಯಾಟರಿಯೂ ಚಿಕ್ಕದು ಸಾಕಾಗುತ್ತೆ. ಡಿಸ್ಟಿಲ್ಡ್ ನೀರಿನ ಬದಲು ನಲ್ಲಿ ನೀರು ಹಾಕುವವರಿಗೆ ಏನು ಹೇಳಿದರೂ ಅಷ್ಟೆ.

ಈ ಜಿಲ್ಲೆಯಲ್ಲೇ ನಡೆದ ಒಂದು ಹಳೆಯ ಪ್ರಯೋಗ ಇಲ್ಲಿ ನೆನಪು ಮಾಡಿಕೊಳ್ಳಬೇಕು. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಅಸ್ತ್ರ ಅಂತ ಒಂದು ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಹುಡುಕುವುದು ಅದರ ಕೆಲಸ. ಹೊಗೆ ಕಡಿಮೆ ಮಾಡಿದ ಅಸ್ತ್ರ ಒಲೆ ಅಲ್ಲಿಂದಲೇ ಬಂದದ್ದು. ಅದೇ ಮಂದಿ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಮೊದಲು ಅಡುಗೆಗೆ ಗ್ಯಾಸು ಕೊಡೋಣ ಅಂದುಕೊಂಡರು. ಸಗಣಿ ಸಾಲಲಿಲ್ಲ, ಅದು ಬಿತ್ತು. ಆಮೇಲೆ ಊರಿನವರನ್ನೇ ಏನು ಬೇಕು ಅಂತ ಕೇಳಿದರೆ, ಕುಡಿಯುವ ನೀರು ಬೇಕು, ದೀಪ ಬೇಕು ಅಂದರು. ಸಗಣಿ ಗ್ಯಾಸನ್ನು ಡೀಸೆಲ್ಲಿನ ಜೊತೆ ಸುಡುವ 5 ಕಿಲೋವ್ಯಾಟಿನ ಇಂಜಿನ್ನು ಕೂರಿಸಿ, 1987ರಲ್ಲಿ ಮನೆಗೆ ದೀಪ, ಬೀದಿಗೆ ನಲ್ಲಿ ಕೊಟ್ಟರು. ಸಗಣಿ ತಂದವರಿಗೆ ಅಷ್ಟಿಷ್ಟು ಕಾಸು, ಬಗ್ಗಡ ಗೊಬ್ಬರಕ್ಕೆ ವಾಪಸು. ಊರಿನ ಹುಡುಗರೇ ಇಂಜಿನ್ನು ನೋಡಿಕೊಂಡರು. ಅದೇ ಸಗಣಿ, ಅದೇ ಊರು. ಕೆಲಸ ಬದಲಾದದ್ದಕ್ಕೆ ಯಂತ್ರ ಹತ್ತಿತು, ಹಲವು ವರ್ಷ ನಡೆಯಿತು.

ಅದೇ ಜಿಲ್ಲೆಯ ಉತ್ತರ ತುದಿಯ ಪಾವಗಡದಲ್ಲಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು ಇದೆ. 2018ರಲ್ಲಿ ಮೊದಲ ಹಂತ, 2019ರ ಕೊನೆಗೆ ಪೂರ್ತಿ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಶುರುವಾಯಿತು, ಮಳೆ ನಂಬಿ ಶೇಂಗಾ ಬಿತ್ತಿದ್ದ ರೈತನಿಗೆ ಅದು ಖಾತ್ರಿ ಕಾಸು. ಜಮೀನಿಲ್ಲದ ಕೂಲಿಯವನಿಗೆ, ಕುರಿ ಕಾಯುವವನಿಗೆ ಗುತ್ತಿಗೆ ಎಲ್ಲಿಂದ ಬರಬೇಕು? ಅದೇ ಬೇರೆ ಒಂದು ಲೇಖನದ ವಿಷಯ. ಇಲ್ಲಿ ಹೇಳಬೇಕಾದ್ದು ಇಷ್ಟೆ, ಜಿಲ್ಲೆಗೆ ಕರೆಂಟು ಹುಟ್ಟಿಸೋದು ಗೊತ್ತಿದೆ, ಹಗಲು ಹೊತ್ತಿನಲ್ಲಿ ಹೇರಳವಾಗಿ ಹುಟ್ಟುತ್ತೆ. ಅದನ್ನು ಸುಡುವವರು ಮಾತ್ರ ರಾತ್ರಿಗೆ ಕಾಯ್ತಾರೆ.

ಬಿಚ್ಚೋರು ಯಾರು?

1972ರಲ್ಲಿ ಚೇತಕ್ ಬಂತು, ಅದೇ ವರ್ಷ ಲೂನಾ. ಚೇತಕ್ ಸ್ಟಾರ್ಟ್ ಆಗದಿದ್ದರೆ ಒಂದು ಕಡೆಗೆ ವಾಲಿಸಿ ಒದೆಯುತ್ತಿದ್ದರು, ಆಗಲೂ ಆಗದಿದ್ದರೆ ಪ್ಲಗ್ಗು ಬಿಚ್ಚಿ ಪಂಚೆ ತುದಿಯಲ್ಲಿ ಒರೆಸುತ್ತಿದ್ದರು. ಹುಣಿಸೆ ಮರದ ಕೆಳಗೆ ಒಂದು ಪೆಟ್ಟಿಗೆ ಇಟ್ಟುಕೊಂಡು ಕೂತ ಹುಡುಗ ಅದನ್ನು ಪೂರ್ತಿ ಬಿಚ್ಚಿ ಜೋಡಿಸುತ್ತಿದ್ದ. 2020ರಲ್ಲಿ ಅದೇ ಚೇತಕ್ ಹೆಸರಿನಲ್ಲಿ ವಿದ್ಯುತ್ ಸ್ಕೂಟರು ಬಂತು, 2024ರ ಫೆಬ್ರವರಿಯಲ್ಲಿ ಇ-ಲೂನಾ ಬಂತು. ಹೆಸರು ವಾಪಸು ಬಂತು, ಮರದ ಕೆಳಗಿನ ಹುಡುಗ ಬರಲಿಲ್ಲ. ಹೊಸ ಗಾಡಿ, ಯಾವ ಕಂಪನಿಯದ್ದಾದರೂ ಅಷ್ಟೆ, ನಿಂತರೆ ಲ್ಯಾಪ್‌ಟಾಪು ಸಿಕ್ಕಿಸಬೇಕು. ಲ್ಯಾಪ್‌ಟಾಪು ಸರ್ವಿಸ್ ಸ್ಟೇಷನ್ನಿನಲ್ಲಿದೆ, ಸ್ಟೇಷನ್ನಿನಲ್ಲಿ ಕ್ಯೂ ಇದೆ.

ನ್ಯಾಯವಾಗಿ ಹೇಳಬೇಕಾದರೆ ಒಳಗೆ ಕೆಡುವ ಭಾಗ ಕಡಿಮೆ. ಕಾರ್ಬೊರೇಟರ್ ಇಲ್ಲ, ಕ್ಲಚ್ಚು ಇಲ್ಲ, ಇಂಜಿನ್ ಆಯಿಲ್ ಇಲ್ಲ. ಟಯರು, ಬ್ರೇಕು, ಬೇರಿಂಗು ಯಾರು ಬೇಕಾದರೂ ಮಾಡ್ತಾರೆ. ಕಷ್ಟ ಇರುವುದು ಬ್ಯಾಟರಿ ಮತ್ತು ಅದರ ಪಕ್ಕದ ಎಲೆಕ್ಟ್ರಾನಿಕ್ ತಟ್ಟೆಯಲ್ಲಿ. 2022ರ ಬೇಸಿಗೆಯಲ್ಲಿ ದೇಶದ ಹಲವು ಕಡೆ ಸ್ಕೂಟರುಗಳು ಹೊತ್ತಿ ಉರಿದ ಮೇಲೆ ಬ್ಯಾಟರಿಯ ಪರೀಕ್ಷೆಯ ನಿಯಮ ಬಿಗಿಯಾಯಿತು. ಆ ವರ್ಷ ಡಿಸೆಂಬರಿನಿಂದ ಒಂದು ಹಂತ, 2023ರ ಮಾರ್ಚಿ 31ರಿಂದ ಇನ್ನೊಂದು. ಅದಕ್ಕಿಂತ ಹಳೆಯ ಸ್ಕೂಟರು ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗುವವರು ತಯಾರಾದ ತಿಂಗಳು ನೋಡಿ ತೆಗೆದುಕೊಳ್ಳಲಿ. ಬಿಸಿಲಿನಲ್ಲಿ ಓಡಿಸಿ ಬಂದ ತಕ್ಷಣ ಚಾರ್ಜಿಗೆ ಹಾಕಬೇಡಿ, ಅರ್ಧ ಗಂಟೆ ನೆರಳಲ್ಲಿ ಆರಲಿ. ಎಕ್ಸ್‌ಟೆನ್ಷನ್ ಬೋರ್ಡು, ಸುತ್ತಿದ ವೈರು ಬೇಡ. ಮನೆಯ ಅರ್ಥಿಂಗು ನಿಜವಾಗಿ ನೆಲಕ್ಕೆ ಹೋಗಿದೆಯೋ ಅಥವಾ ಗೋಡೆಯೊಳಗೇ ಮುಗಿದಿದೆಯೋ ಅಂತ ಒಮ್ಮೆ ನೋಡಿಸಿ. ಹಳೇ ಪೇಟೆಯ ಮನೆಗಳಲ್ಲಿ ಮೂರನೇ ತೂತು ಅಲಂಕಾರಕ್ಕೆ ಮಾತ್ರ.

ಲೈಸೆನ್ಸು, ನಂಬರು ಪ್ಲೇಟು ಬೇಡದ ಗಂಟೆಗೆ 25 ಕಿಲೋಮೀಟರಿನ ಅಗ್ಗದ ಗಾಡಿಗಳೂ ಇವೆ. ವಯಸ್ಸಾದವರು ದೇವಸ್ಥಾನಕ್ಕೆ ಹೋಗಿ ಬರೋದಕ್ಕೆ ಅಡ್ಡಿಯಿಲ್ಲ. ಒಳಗಿರುವುದು ಸೀಸದ ಬ್ಯಾಟರಿಯಾದರೆ ಒಂದೆರಡು ವರ್ಷಕ್ಕೆ ಮತ್ತೆ ಖರ್ಚು ಅಂತ ಬರೆದಿಟ್ಟುಕೊಳ್ಳಿ.

ಕೊಳ್ಳುವ ಮುಂಚೆ ಷೋರೂಮಿನವನ ಕೈಲಿ ಒಂದು ಕಾಗದ ಬರೆಸಿಕೊಳ್ಳಬೇಕು, ಕನ್ನಡದಲ್ಲಿ. ಗ್ಯಾರಂಟಿ ಮುಗಿದ ಮೇಲೆ ಬ್ಯಾಟರಿಗೆ ಇವತ್ತಿನ ಬೆಲೆ ಎಷ್ಟು. ರಿಪೇರಿ ಇದೇ ಊರಿನಲ್ಲೋ ಬೆಂಗಳೂರಿಗೆ ಕಳಿಸಬೇಕೋ. ಹಳೇ ಬ್ಯಾಟರಿ ವಾಪಸು ತಗೊಳ್ತೀರೋ ಇಲ್ಲವೋ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿಯ ಜವಾಬ್ದಾರಿ ತಯಾರಿಸಿದವರದ್ದೇ. ಸೀಸದ್ದನ್ನು ಗುಜರಿಯವನು ಕೇಜಿ ಲೆಕ್ಕದಲ್ಲಿ ಕೊಳ್ತಾನೆ. ಲಿಥಿಯಂ ಬ್ಯಾಟರಿಯನ್ನು ಅದೇ ತರಹ ಸುತ್ತಿಗೆಯಲ್ಲಿ ಒಡೆಯೋಕೆ ಹೋದರೆ ಗುಜರಿ ಅಂಗಡಿಯೂ ಉಳಿಯೋದಿಲ್ಲ. ಕಾಗದ ಬರೆದುಕೊಡೋದಕ್ಕೆ ಹಿಂಜರಿಯುವ ಷೋರೂಮಿನಲ್ಲಿ ಗಾಡಿ ಕೊಳ್ಳದೇ ಹೊರಟು ಬಂದರೆ ಏನೂ ನಷ್ಟವಿಲ್ಲ. ಐಟಿಐಗಳಲ್ಲಿ ವಿದ್ಯುತ್ ವಾಹನದ ಮೆಕ್ಯಾನಿಕ್ ಎಂಬ ಟ್ರೇಡ್ ಬಂದಿದೆ. ಓದಿದ ಹುಡುಗರಿಗೆ ಕಂಪನಿಗಳು ಒಳಗಿನ ನಕ್ಷೆ ಕೊಡದಿದ್ದರೆ ಅವರು ಮತ್ತೆ ಪಂಕ್ಚರ್ ಅಂಗಡಿಯೇ ಹಾಕಬೇಕಾಗುತ್ತೆ.

ಕೊನೆಗೆ ಮಹಾನಗರ ಪಾಲಿಕೆಯವರಿಗೂ ಸಾರಿಗೆಯವರಿಗೂ ಒಂದು ಸಣ್ಣ ಕೆಲಸ. ಹಳ್ಳಿಗಳಿಂದ ಸ್ಕೂಟರಿನಲ್ಲಿ ಬಂದು, ಬಸ್‌ಸ್ಟ್ಯಾಂಡಿನಲ್ಲೋ ರೈಲ್ವೆ ಸ್ಟೇಷನ್ನಿನಲ್ಲೋ ಗಾಡಿ ಬಿಟ್ಟು ಬೆಂಗಳೂರಿಗೆ ಹೋಗುವವರು ದಿನವೂ ಇದ್ದಾರೆ. ಬೆಳಿಗ್ಗೆ ಏಳಕ್ಕೆ ಬಿಟ್ಟ ಗಾಡಿ ಸಂಜೆ ಏಳಕ್ಕೆ ತೆಗೆಯೋದು. ಹನ್ನೆರಡು ಗಂಟೆ, ಅದೂ ಬಿಸಿಲಿರುವ ಹನ್ನೆರಡು ಗಂಟೆ, ಪಾವಗಡದಲ್ಲಿ ಕರೆಂಟು ಹುಟ್ಟುವ ಹೊತ್ತು. ಲಕ್ಷಗಟ್ಟಲೆ ಸುರಿದು ಅರ್ಧ ಗಂಟೆಗೆ ತುಂಬುವ ದೊಡ್ಡ ಯಂತ್ರ ಇಲ್ಲಿ ಯಾತಕ್ಕೆ? ಉದ್ಘಾಟನೆಗೆ ರಿಬ್ಬನ್ ಕತ್ತರಿಸೋದಕ್ಕೆ ಚೆನ್ನಾಗಿರುತ್ತೆ, ಅಷ್ಟೆ. ಸ್ಟ್ಯಾಂಡಿನ ಒಂದು ಸಾಲಿಗೆ ತಗಡಿನ ನೆರಳು, ಗೋಡೆಗೆ ಹತ್ತು ಸಾದಾ ಪ್ಲಗ್ ಪಾಯಿಂಟು, ಸರಿಯಾದ ಅರ್ಥಿಂಗು, ಒಂದೊಂದಕ್ಕೂ ಒಂದು ಪುಟ್ಟ ಮೀಟರು. ಒಂದು ಸ್ಕೂಟರಿಗೆ ದಿನಕ್ಕೆ ಒಂದೆರಡು ಯೂನಿಟ್ಟು. ಮನೆಯ ಬಿಲ್ಲು 200 ದಾಟುವ ಭಯವೂ ತಪ್ಪುತ್ತೆ.

ಕಂಟ್ರಾಕ್ಟುದಾರರು ಕರೆಂಟು ಮಾರೋಕೆ ಲೈಸೆನ್ಸ್ ಬೇಕು ಅಂತ ಹೇಳಬಹುದು. ಬೇಕಾಗಿಲ್ಲ. ಗಾಡಿ ಚಾರ್ಜು ಮಾಡಿಕೊಡುವುದು ಕರೆಂಟು ಮಾರಾಟವಲ್ಲ, ಅದೊಂದು ಸೇವೆ, ಅದಕ್ಕೆ ಲೈಸೆನ್ಸು ಬೇಡ ಅಂತ ಕೇಂದ್ರದ ಇಂಧನ ಸಚಿವಾಲಯ 2018ರಲ್ಲೇ ಹೇಳಿದೆ. ಬಸ್‌ಸ್ಟ್ಯಾಂಡಿನ ಎದುರು ಸ್ವಲ್ಪ ಜಾಗ ಇರುವ ಅಂಗಡಿಯವರೂ ಇದನ್ನು ಮಾಡಬಹುದು. ಬೆಸ್ಕಾಂ ಕಚೇರಿಗೆ ಹೋಗಿ ಚಾರ್ಜಿಂಗಿಗೆ ಯಾವ ದರ, ಎಷ್ಟು ಲೋಡು ಅಂತ ಬರವಣಿಗೆಯಲ್ಲಿ ಕೇಳಿಕೊಂಡು, ಮೀಟರು ಹಾಕಿಸಿ, ಪ್ಲಗ್ಗಿನ ಮೇಲೆ ಯೂನಿಟ್ಟಿನ ರೇಟು ದೊಡ್ಡದಾಗಿ ಬರೆಸಿದರೆ ಆಯಿತು. ಗಾಡಿ ಬಿಡೋಕೆ ಬಂದವನು ಹಾಗೇ ಒಂದು ಟೀ ಕುಡಿದು ಹೋಗ್ತಾನೆ.